ಖಾಲಿ ಕೊಳವೆಯೊಳಗಿನ ಹೆಂಗಸು

ಸೆಪ್ಟೆಂಬರ್ 9, ಶುಕ್ರವಾರ

ಇವತ್ತು ನಮ್ಮ ಪ್ರಯೋಗಾಲಯದ ನಿರ್ದೇಶಕ ಪೆಲೊಪಿದಾಸ್ ತಾನಾಗಿಯೇ ತನ್ನ ಜುಟ್ಟನ್ನು ನನ್ನ ಕೈಗೆ ಕೊಟ್ಟ. ಕೊಟ್ಟದ್ದು ಮಾತ್ರ ಅವನಿಗೆ ಗೊತ್ತಾಗಿಲ್ಲ.

"ಎವಾಂಥಿಯಾ, ಹೊಸ ವಿಧಾನ ತರಿಸಿದೀನಲ್ಲ, ಅದನ್ನ ಒರೆಗೆ ಹಚ್ಚೋ ಕೆಲಸ ನಿಮ್ಗೆ. ಡಿಸೆಂಬರಿಗೆ ವರದಿ ಬೇಕು. ಕೇಸಿನ ಕೆಲಸ ಹೇಗೂ ನಿಮ್ಗಿಲ್ಲ, ಪುರುಸೊತ್ತಾಗಿದೀರ," ಎಂದ. ಪಕ್ಕದಲ್ಲಿ ಫೋಫೋ ಇದ್ದಳು. ನನ್ನ ಜೊತೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವಳು. ತಲೆ ತಗ್ಗಿಸಿ ಕೈಗವಸು ಎಳೆದುಕೊಳ್ಳುತ್ತ ನಿಂತಳು.

"ಆಯ್ತು ಸಾರ್," ಎಂದೆ. ನನ್ನ ದನಿ ಎಷ್ಟು ಮೆತ್ತಗಿತ್ತೆಂದರೆ ನನಗೇ ಅನುಮಾನ ಬಂತು.

ಯಾರಾದರೂ ಒಮ್ಮೆ ಮುಟ್ಟಿ ಬಿಟ್ಟ ವಸ್ತುವಿನಿಂದಲೂ ಡಿಎನ್‌ಎ ತೆಗೆಯುತ್ತದಂತೆ ಅವನ ಹೊಸ ವಿಧಾನ. ನಮ್ಮೂರು ವೋಲೋಸಿನ ಪತ್ರಿಕೆಯಲ್ಲಿ ಆಗಲೇ ಫೋಟೋ ಬಂದಿದೆ. ಆದರೆ ಅದನ್ನು ಬೇರೆಬೇರೆ ರೀತಿಯಲ್ಲಿ ಪರೀಕ್ಷಿಸಿ, ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಎಂದು ಬರೆದು ಸಹಿ ಹಾಕುವ ತನಕ ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ. ಆ ಸಹಿ ನನ್ನದು. ಈ ವಿಧಾನಕ್ಕೆ ನಾನು ಮಣ್ಣು ಮುಕ್ಕಿಸುತ್ತೇನೆ.

ಹೋದ ವರ್ಷದ್ದನ್ನೂ ಇಲ್ಲೇ ಬರೆದಿಡುತ್ತೇನೆ. ಅಮೃತಶಿಲೆ ಕಾರ್ಖಾನೆಯ ಕಾವಲುಗಾರನನ್ನು ಸುತ್ತಿಗೆಯಿಂದ ಹೊಡೆದು ಕೊಂದಿದ್ದರು. ಸುತ್ತಿಗೆಯ ಹಿಡಿಯನ್ನು ಒರೆಸಿದ ಹತ್ತಿ ನಮ್ಮಲ್ಲಿಗೆ ಬಂತು. ಪ್ರತಿ ಸಲ ಮಾದರಿಗಳ ಜೊತೆ ಒಂದು ಖಾಲಿ ಕೊಳವೆಯನ್ನೂ ಯಂತ್ರದಲ್ಲಿ ಓಡಿಸುತ್ತೇವೆ. ಅದರಲ್ಲಿ ಏನೂ ಹಾಕಿರುವುದಿಲ್ಲ, ಏನೂ ಬರಕೂಡದು. ಬಂದರೆ ನಮ್ಮ ಕೊಠಡಿಯೇ ಕೊಳಕು ಎಂದರ್ಥ. ಅವತ್ತು ಬಂತು, ಯಾರೋ ಗಂಡಸಿನ ಡಿಎನ್‌ಎ. ಆರೋಪಿಯ ವಕೀಲ ಅದನ್ನೇ ಹಿಡಿದು ಎಳೆದಾಡಿದ. ಪೆಲೊಪಿದಾಸ್ ಕಟಕಟೆಯಲ್ಲಿ ನಿಂತು, "ಇದು ನಮ್ಮ ತಂತ್ರಜ್ಞೆಯ ಅಜಾಗ್ರತೆ," ಎಂದು ನನ್ನ ಪೂರ್ತಿ ಹೆಸರು ಹೇಳಿದ. ಸಾಕ್ಷ್ಯ ಸಾಲದೆ ಆರೋಪಿಯನ್ನು ಬಿಟ್ಟರು. ಕಡತ ಮುಚ್ಚಿಲ್ಲ, ಅಷ್ಟೆ. ಮೆಟ್ಟಿಲ ಮೇಲೆ ಸತ್ತವನ ಹೆಂಡತಿ ಅರ್ಗಿರೊ ನನ್ನ ಕಾಲ ಬುಡಕ್ಕೆ ಉಗಿದಳು.

ಅವತ್ತು ಮುಖಕ್ಕೆ ಬಟ್ಟೆ ಕಟ್ಟದೆ ನನ್ನ ಭುಜದ ಮೇಲೆ ಬಾಗಿ, ಎಳ್ಳಿನ ರೊಟ್ಟಿ ಅಗಿಯುತ್ತ, ಬೇಗ ಬೇಗ ಎಂದು ಅವಸರಿಸಿದವನು ಇವನೇ. ಕೊಳವೆಗೆ ಬಿದ್ದದ್ದು ನಮ್ಮವರದೇ ಆದರೆ ಗೊತ್ತಾಗಲೆಂದು ಕೆಲಸಗಾರರೆಲ್ಲ ಕೆನ್ನೆಯ ಮಾದರಿ ಕೊಟ್ಟು ಪಟ್ಟಿಯಲ್ಲಿದ್ದೇವೆ. ಒಂದನೇ ಸಂಖ್ಯೆ ಅವನದು, ಅದು ಖಾಲಿ. ಕೇಳಿದ್ದಕ್ಕೆ, "ನಾನೇನು ಆರೋಪಿಯಾ?" ಎಂದಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಸೆಪ್ಟೆಂಬರ್ 13, ಮಂಗಳವಾರ

ಮಂಗಳವಾರ, ಅದರ ಮೇಲೆ ಹದಿಮೂರು. ಇಂಥ ದಿನ ನಮ್ಮ ಜನ ಹೊಸ ಬಟ್ಟೆಯನ್ನೂ ಉಡುವುದಿಲ್ಲ. ಇವನು ಹೊಸ ಕೊಠಡಿಯ ಉದ್ಘಾಟನೆ ಇಟ್ಟುಕೊಂಡ. "ನಾವು ವಿಜ್ಞಾನಿಗಳಪ್ಪಾ, ವಾರಕ್ಕೆಲ್ಲ ಹೆದರ್ತೀವಾ?" ಎಂದು ಪತ್ರಿಕೆಯವರ ಮುಂದೆ ನಕ್ಕ. ವಾರಕ್ಕೆ ಹೆದರದ ಈ ಮಹಾಶಯ ಪಾದ್ರಿ ಥಿಮಿಯೋಸರನ್ನು ಮಾತ್ರ ಕರೆಸಿದ್ದ.

"ಒಳಗೆ ಪವಿತ್ರಜಲ ಚಿಮುಕಿಸೋದು ಬೇಡ ಸಾರ್. ಹೊಸ ಕೊಳವೆಗಳ ನೀಲಿ ಪೆಟ್ಟಿಗೆ ಕೂಡ ತೆರೆದಿಟ್ಟಿದೆ," ಎಂದೆ.

"ಫೋಟೋಗೆ ತೆರೆದಿರ್ಲಿ ಬಿಡ್ರೀ. ನೀವೊಬ್ರು ಎಲ್ಲದಕ್ಕೂ ಅಪಶಕುನ."

ಪಾದ್ರಿ ಕಾಮಕಸ್ತೂರಿ ಕಟ್ಟನ್ನು ನೀರಿಗೆ ಅದ್ದಿ ಎಲ್ಲರ ಹಣೆಗೂ ತಟ್ಟಿದರು, ಮತ್ತೆ ಅದ್ದಿ ಗೋಡೆ, ಮೇಜು, ಯಂತ್ರ, ಯಾವುದನ್ನೂ ಬಿಡದೆ ಚಿಮುಕಿಸಿದರು. ನಗರದ ಅರ್ಧ ಹಣೆಗಳು ಆ ಕಟ್ಟಿನಲ್ಲಿದ್ದವು. ನನಗೆ ಎಷ್ಟು ಸಂತೋಷವಾಯಿತೆಂದರೆ ಶಿಲುಬೆಗೆ ಎರಡು ಸಲ ಮುತ್ತಿಟ್ಟೆ. ಇಂಥ ಕೊಠಡಿಯಲ್ಲಿ ಯಾವ ಖಾಲಿ ಕೊಳವೆ ಖಾಲಿ ಇದ್ದೀತು? ಒಳಗೆ ಬಂದವರ ಹೆಸರನ್ನೆಲ್ಲ ಬರೆದಿಟ್ಟುಕೊಂಡೆ.

ಅಮ್ಮ ಸಕ್ಕರೆಪುಡಿ ಉದುರಿಸಿದ ಬಾದಾಮಿ ಬಿಸ್ಕತ್ತು ತಂದಿದ್ದಳು. ದಿನ ಕೇಳಿ ಬೆಳಗಿನಿಂದ ಗೊಣಗುತ್ತಲೇ ಇದ್ದಳು. ಎಲ್ಲರೂ ಹೊರಬಂದ ಮೇಲೂ ಅವಳು ಬರಲಿಲ್ಲ. ಹೋಗಿ ಕೂಗಿದರೆ, "ಚೀಲ ಮರೆತಿದ್ದೆ ಕಣೇ," ಎಂದಳು.

ಸೆಪ್ಟೆಂಬರ್ 28, ಬುಧವಾರ

ಹಾಳು ವಿಧಾನ ಚೆನ್ನಾಗಿ ಕೆಲಸ ಮಾಡುತ್ತಿದೆ.

ಅಕ್ಟೋಬರ್ 7, ಶುಕ್ರವಾರ

ಬಂತು! ಖಾಲಿ ಕೊಳವೆಯಲ್ಲಿ ಬಂತು. ಪರದೆಯ ಮೇಲೆ ಸಾಲಾಗಿ ಗುರುತುಗಳು ಎದ್ದು ನಿಂತಿದ್ದವು. ಫೋಫೋಳನ್ನು ಕೈ ಹಿಡಿದು ಎಳೆದುಕೊಂಡು ಬಂದೆ.

"ನಗ್ತಿದೀಯಲ್ಲೇ," ಎಂದಳು. "ಕೊಠಡಿ ಕೊಳಕಾಯ್ತು ಅಂತ ನಗೋಳನ್ನ ಇದೇ ಮೊದಲು ನೋಡ್ತಿರೋದು."

"ಕೊಳಕು ಯಾರದು ಅಂತ ನೋಡು ಮೊದ್ಲು."

ನೋಡಿದಳು. ಪವಿತ್ರಜಲದ ಕಲಬೆರಕೆಯಲ್ಲ, ಒಬ್ಬರದೇ. ಅದೂ ಹೆಂಗಸಿನದು. ನನ್ನ ಮುಖ ಸಪ್ಪಗಾಯಿತು. ಅವನೇ ಸಿಕ್ಕಿಬೀಳುತ್ತಾನೆ ಎಂದುಕೊಂಡಿದ್ದೆ. ಇರಲಿ, ವಿಧಾನ ಬಿದ್ದರೂ ಸಾಕು. ಅವನು ಅದರ ಮೇಲೆಯೇ ನಿಂತಿದ್ದಾನೆ, ಅದರ ಜೊತೆಗೇ ಬೀಳುತ್ತಾನೆ.

ಅಕ್ಟೋಬರ್ 14, ಶುಕ್ರವಾರ

ಬ್ಲೀಚಿನಲ್ಲಿ ಇಡೀ ಕೊಠಡಿ ತೊಳೆದೆವು. ಮತ್ತೆ ಅವಳೇ. ಎಲ್ಲ ಸಲವೂ ಬರುವುದಿಲ್ಲ, ನೀಲಿ ಪೆಟ್ಟಿಗೆಯಿಂದ ಕೊಳವೆ ತೆಗೆದಾಗ ಮಾತ್ರ ಆಗಾಗ ಬರುತ್ತಾಳೆ. ಕೆಲಸಗಾರರ ಪಟ್ಟಿಯಲ್ಲಿ ಅವಳಿಲ್ಲ. ಫೋಫೋ ಅವಳಿಗೆ "ನಮ್ಮ ಬಾಡಿಗೆಯವಳು" ಎಂದು ಹೆಸರಿಟ್ಟಿದ್ದಾಳೆ.

ಅಕ್ಟೋಬರ್ 19, ಬುಧವಾರ

ಸುಮ್ಮನೆ ಬಾಡಿಗೆಯವಳನ್ನು ಪಟ್ಟಿಯ ಒಬ್ಬೊಬ್ಬರ ಪಕ್ಕಕ್ಕೂ ಇಟ್ಟು ನೋಡುತ್ತಿದ್ದೆ. ಏಳನೇ ಸಂಖ್ಯೆಯ ಜೊತೆ ಪ್ರತಿ ಜಾಗದಲ್ಲೂ ಅರ್ಧ ಹೊಂದಿತು. ಒಂದು ಜಾಗವೂ ತಪ್ಪಲಿಲ್ಲ. ಹಾಗೆ ಹೊಂದುವುದು ತಾಯಿಗೆ, ಇಲ್ಲವೇ ಮಗಳಿಗೆ. ಏಳನೇ ಸಂಖ್ಯೆ ನನ್ನದು. ನನಗೆ ಮಗಳಿಲ್ಲ.

ಮನೆಗೆ ಬಂದಾಗ ಅಮ್ಮ ಕ್ವಿನ್ಸ್ ಹಣ್ಣಿನ ಸಿಪ್ಪೆ ಹೆರೆಯುತ್ತಿದ್ದಳು.

"ಅವತ್ತು ಪಾದ್ರಿ ಬಂದಿದ್ದಾಗ ಒಳಗೆ ಉಳ್ಕೊಂಡು ಏನ್ಮಾಡ್ದೆ?"

"ಏನ್ಮಾಡ್ಲಿ? ಚೀಲ ತಗೊಂಡೆ."

"ಅಮ್ಮ."

ಚಾಕು ಕೆಳಗಿಟ್ಟಳು. "ಮಂಗಳವಾರ ಹದಿಮೂರು ಕಣೇ. ಊರವರೆಲ್ಲ ಬಂದು ಹೊಸ ಯಂತ್ರಾನ ಕಣ್ಣು ಬಿಟ್ಕೊಂಡು ನೋಡ್ತಿದ್ರು. ಹೋದ ವರ್ಷ ನಿಂಗೆ ಕಣ್ಣು ತಾಗಿದ್ದಕ್ಕೆ ತಾನೆ ಮಾನ ಬೀದಿಪಾಲಾಗಿದ್ದು? ಮತ್ತೆ ತಾಗದಿರ್ಲಿ ಅಂತ ಮೂರು ಸಲ ಥೂ ಥೂ ಥೂ ಅಂದೆ. ಏನೀಗ?"

"ಯಾವುದರ ಮೇಲೆ?"

"ಯಂತ್ರದ ಮೇಲೆ. ಪಕ್ಕದಲ್ಲಿ ಆ ನೀಲಿ ಪೆಟ್ಟಿಗೆ ಬಾಯಿ ತೆರ್ಕೊಂಡಿತ್ತು, ಅದಕ್ಕೂ. ನಿಜವಾಗಿ ಉಗುಳ್ಲಿಲ್ಲ ಮಗಳೇ, ಬರೀ ಗಾಳಿ."

ಬರೀ ಗಾಳಿಯಂತೆ. ನನಗೆ ಸಿಟ್ಟು ಬಂತು, ನಗು ಬಂತು, ಕೊನೆಗೆ ಅಳು ಬಂತು. ನನಗೆ ತೊಟ್ಟಿಲಿನಲ್ಲೂ ಹಾಗೇ ಅಂದಿದ್ದಾಳೆ, ಮದುವೆಯಲ್ಲೂ ಅಂದಿದ್ದಾಳೆ, ಗಂಡ ಬಿಟ್ಟುಹೋದಾಗ ಅಂದದ್ದು ಸಾಲಲಿಲ್ಲ ಎಂದು ಅತ್ತಿದ್ದಾಳೆ. ಅವಳ ಮೇಲೆ ಕೂಗಾಡಲಾಗಲಿಲ್ಲ.

ಆದರೆ ಈಗೇನು ಮಾಡಲಿ? ವಿಧಾನವನ್ನು ಬೀಳಿಸಲು ನನ್ನಲ್ಲಿರುವ ಒಂದೇ ಒಂದು ಕಲ್ಲು ನನ್ನ ಅಮ್ಮನ ಎಂಜಲು.

ಅಕ್ಟೋಬರ್ 21, ಶುಕ್ರವಾರ

ಪೆಟ್ಟಿಗೆಯ ವಿಷಯ ಯಾರಿಗೂ ಹೇಳುವುದಿಲ್ಲ. "ಖಾಲಿ ಕೊಳವೆಯಲ್ಲಿ ಅಪರಿಚಿತ ಗುರುತು, ಮೂಲ ತಿಳಿದಿಲ್ಲ, ವಿಧಾನ ನಂಬಲರ್ಹವಲ್ಲ." ಇಷ್ಟು ಬರೆದು ಸಹಿ ಹಾಕಿದರೆ ಮುಗಿಯಿತು. ಮಾಡಿದ್ದುಣ್ಣೋ ಮಹರಾಯ. ಅವನು ನನಗೆ ಮಾಡಿದ್ದೂ ಇದನ್ನೇ ಅಲ್ಲವೇ?

ಅಕ್ಟೋಬರ್ 29, ಶನಿವಾರ

ವಾರದ ಸಂತೆಯಲ್ಲಿ ಚೆಸ್ಟ್‌ನಟ್ ಕಾಯಿಗಳ ರಾಶಿಯ ಹಿಂದೆ ಅರ್ಗಿರೊ ಕೂತಿದ್ದಳು. ಗಂಡ ಹೋದ ಮೇಲೆ ಬೆಟ್ಟದಿಂದ ಚೆಸ್ಟ್‌ನಟ್ ತಂದು ಮಾರುತ್ತಾಳಂತೆ. ನಾನು ನೋಡುವಷ್ಟರಲ್ಲಿ ಅವಳ ಮುಂದೆ ನಿಂತಾಗಿತ್ತು.

"ಒಂದು ಕಿಲೋ ಕೊಡಮ್ಮ."

"ನಿಂಗೆ ಮಾರಲ್ಲ."

ಹಿಂದಿದ್ದವರು ನನ್ನನ್ನು ದಾಟಿ ಚೀಲ ಚಾಚಿದರು. ನಾನು ಸರಿದು ಹೋಗುತ್ತಿದ್ದೆ, ಅವಳೇ ಕರೆದಳು.

"ಇಲ್ನೋಡು. ವಕೀಲ್ರು ಹೇಳಿದ್ರು, ಆ ಹಿಡಿ ಒರೆಸಿದ ಹತ್ತೀಲಿ ಒಂದು ಚೂರು ಇನ್ನೂ ಉಳಿದಿದೆ ಅಂತ. ಹಳೇ ಪರೀಕ್ಷೆಗೆ ಅದು ಸಾಲಲ್ಲ, ಹೊಸದೇನೋ ಬಂದಿದೆ ಅಂತ. ನಿಜವಾ?"

"ನಿಜ."

"ಅದು ಕೆಲಸ ಮಾಡತ್ತಾ?"

"ಇನ್ನೂ ನೋಡ್ತಿದೀವಿ," ಎಂದೆ.

"ನೋಡ್ತಿರಿ. ಬಿಟ್ಟು ಕಳಿಸಿದ್ರಲ್ಲ, ಅವ್ನು ದಿನಾ ನನ್ನ ಮನೆ ಮುಂದೇನೇ ಬೈಕಲ್ಲಿ ಹೋಗ್ತಾನೆ. ಹಾರ್ನ್ ಬೇರೆ ಹೊಡೀತಾನೆ," ಎಂದವಳೇ ತಕ್ಕಡಿಗೆ ಚೆಸ್ಟ್‌ನಟ್ ಸುರಿದಳು, ಬೇರೆಯವರಿಗೆ.

ನವೆಂಬರ್ 1, ಮಂಗಳವಾರ

ಆ ಹಾರ್ನ್ ತಲೆಯಿಂದ ಹೋಗುತ್ತಿಲ್ಲ. ನೀಲಿ ಪೆಟ್ಟಿಗೆಯನ್ನು ಬೇರೆಯಿಟ್ಟು ಹೊಸ ಕೊಳವೆಗಳಲ್ಲಿ ಓಡಿಸಿದೆ. ಎಲ್ಲ ಖಾಲಿಗಳೂ ಖಾಲಿ. ವಿಧಾನದ ತಪ್ಪೇನೂ ಇಲ್ಲ. ಇದನ್ನು ಬರೆದುಕೊಳ್ಳುವುದೇ ಸಂಕಟ. ಅವನು ಗೆಲ್ಲುತ್ತಾನೆ.

ಇಲ್ಲ. ಅಷ್ಟು ಸುಲಭವಾಗಿ ಬಿಡುವುದಿಲ್ಲ. ಬೋನಿಗೆ ಕೊಬ್ಬರಿ ಚೂರು ಬೇಕಲ್ಲ. ನನ್ನ ಹತ್ತಿರ ಅಮ್ಮ ಇದ್ದಾಳೆ.

ನವೆಂಬರ್ 4, ಶುಕ್ರವಾರ

ಬೆಳಗಿನ ಸಭೆಯಲ್ಲಿ ಎಲ್ಲರ ಎದುರಿಗೇ ಹೇಳಿದೆ: "ಸಾರ್, ಖಾಲಿ ಕೊಳವೆಯಲ್ಲಿ ಹೊರಗಿನವರ ಗುರುತು ಬರ್ತಿದೆ. ಉದ್ಘಾಟನೆ ದಿನ ಒಳಗೆ ಬಂದವರೆಲ್ಲ ಕೆನ್ನೆ ಮಾದರಿ ಕೊಡಬೇಕು. ಪಾದ್ರಿಗಳು, ನಮ್ಮಮ್ಮ, ನೀವು. ಅದು ಪಟ್ಟಿಗೂ ಸೇರತ್ತೆ."

"ನಂದೂನಾ?" ಮುಖ ಬಿಗಿಯಿತು.

"ಅದು ಹೆಂಗಸಿನದು ಅಂತ ಆಗ್ಲೇ ಗೊತ್ತಾಗಿದೆ ಸಾರ್. ನಿಮ್ಮದು ಬರೀ ಪದ್ಧತಿಗೆ."

ಬಿಗಿದದ್ದು ಸಡಿಲವಾಯಿತು. "ಹೆಂಗಸಾ? ಹಾಗಾದ್ರೆ ನಾನ್ಯಾಕೆ ಹೆದರ್ಲಿ. ತಗೊಳ್ಳಿ, ಡೈರೆಕ್ಟರೇ ಮೊದಲು," ಎಂದು ಬಾಯಿ ತೆರೆದು ಕೂತ. ಫೋನು ಕೊಟ್ಟು ಫೋಟೋ ತೆಗೆಸಿಕೊಂಡ. ಪಟ್ಟಿಗೆ ಸೇರಿಸಲು ಒಪ್ಪಿ ಸಹಿಯನ್ನೂ ಹಾಕಿದ, ಹೆಸರಿನ ಕೆಳಗೆ ಗೆರೆ ಎಳೆದು. ಹತ್ತಿ ಕಡ್ಡಿಯಿಂದ ಅವನ ಎರಡೂ ಕೆನ್ನೆಗಳನ್ನು ಒಳಗಿನಿಂದ ಚೆನ್ನಾಗಿ ಒರೆಸಿದೆ.

ಪಟ್ಟಿಗೆ ಹೊಸ ಹೆಸರು ಸೇರಿದರೆ ಯಂತ್ರ ತಾನಾಗಿಯೇ ಹಳೆಯ ಎಲ್ಲ ಖಾಲಿ ಕೊಳವೆಗಳ ಜೊತೆ ಹೋಲಿಸುತ್ತದೆ. ಹೋದ ವರ್ಷದ್ದೂ ಸೇರಿ. ಪದ್ಧತಿ ಹಾಗೆ. ಪದ್ಧತಿ ಬರೆಸಿದವನೇ ಅವನು, ಬರೆಸಿ ಮರೆತಿದ್ದಾನೆ.

ನವೆಂಬರ್ 9, ಬುಧವಾರ

ಹೊಂದಿತು. ಹೋದ ವರ್ಷದ ಗಂಡಸು, ಒಂದನೇ ಸಂಖ್ಯೆ. ಅರ್ಧವಲ್ಲ, ಪೂರ್ತಿ.

ಫೋಫೋ ಕುರ್ಚಿಯಲ್ಲಿ ಕೂತವಳು ಏಳಲೇ ಇಲ್ಲ. "ಎಳ್ಳಿನ ರೊಟ್ಟಿ," ಎಂದಳು, ಅಷ್ಟೆ. ಆಮೇಲೆ, "ಇವತ್ತೇ ಪತ್ರಿಕೆಗೆ ಕೊಡು ಎವಾ. ಅವ್ನ ಬಾಯಿ ತೆರೆದಿರೋ ಫೋಟೋ ಸಮೇತ."

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕಾಫಿಗೆ ಹೋಗಿ ಎರಡು ಸಿಹಿ ತಿಂದೆ. ಇಷ್ಟು ಖುಷಿಯಾಗಿ ಎಷ್ಟು ಕಾಲವಾಯಿತು. ಅವನು ಹೇಗೆ ಬೆವರುತ್ತಾನೆ, ಏನು ತೊದಲುತ್ತಾನೆ, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ತಂದುಕೊಂಡೆ. ಪತ್ರಿಕೆಗೆ ಮಾತ್ರ ಕೊಡುವುದಿಲ್ಲ. ಅವನು ನನ್ನ ಹೆಸರು ಹೇಳಿದ್ದು ಕೋಟು ತೊಟ್ಟವರ ಮುಂದೆ. ನಾನೂ ಹಾಗೆಯೇ ಹೇಳುತ್ತೇನೆ.

ನವೆಂಬರ್ 16, ಬುಧವಾರ

ಪೇಟೆಯಿಂದ ಮರದ ಹಿಡಿಯ ಸುತ್ತಿಗೆಗಳನ್ನು ತಂದೆ. ಎಲ್ಲರೂ ಒಂದೊಂದನ್ನು ಹಿಡಿದು, ಬೀಸಿ, ಕೆಳಗಿಡಬೇಕು. ಇಡೀ ಪ್ರಯೋಗಾಲಯ ದಂಗೆಗೆ ಹೊರಟ ಹಾಗೆ ಕಾಣುತ್ತಿತ್ತು. ಯಾವುದನ್ನು ಯಾರು ಹಿಡಿದರು ಎಂಬುದು ಫೋಫೋಗೆ ಮಾತ್ರ ಗೊತ್ತು, ನನಗೆ ಹೇಳುವುದಿಲ್ಲ. ನಾನು ಒರೆಸಿ, ಓದಿ, ಹೆಸರು ಹೇಳಬೇಕು. ಒಂದೂ ತಪ್ಪಲಿಲ್ಲ.

ನವೆಂಬರ್ 21, ಸೋಮವಾರ

ಇಬ್ಬರು ಒಂದೇ ಹಿಡಿಯನ್ನು ಹಿಡಿದರೆ? ಕೊನೆಗೆ ಹಿಡಿದವನೇ ಜೋರಾಗಿ ಕಾಣುತ್ತಾನೆ ಎಂದುಕೊಂಡಿದ್ದೆವು. ಹಾಗಲ್ಲ, ಕೈ ಬೆವರುವವನು ಕಾಣುತ್ತಾನೆ. ಇದನ್ನು ವರದಿಯಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು. ಇಲ್ಲದಿದ್ದರೆ ಯಾವನೋ ಪಾಪದವನು ಜೈಲು ಸೇರುತ್ತಾನೆ. ಹತ್ತಿ ಹಳತಾದರೆ ಏನಾಗುತ್ತದೆ ಎಂದೂ ನೋಡಬೇಕು. ಅರ್ಗಿರೊಳ ಹತ್ತಿಗೆ ಒಂದು ವರ್ಷ ದಾಟಿದೆ.

ನವೆಂಬರ್ 25, ಶುಕ್ರವಾರ

ಹಳೆಯ ಹತ್ತಿಯೂ ಓದಿಸಿಕೊಳ್ಳುತ್ತದೆ, ಒಂದು ಮಿತಿಯ ತನಕ. ಆ ಮಿತಿಯ ಕೆಳಗೆ ಬಾಯಿ ಮುಚ್ಚಿಕೊಂಡಿರಬೇಕು. ಫೋಫೋ ಕೇಳಿದಳು, "ಈ ವಾರ ಅವನನ್ನ ಒಂದ್ಸಲನೂ ಬೈಲಿಲ್ವಲ್ಲೇ, ಹುಷಾರಾಗಿದೀಯಾ?" ಪುರುಸೊತ್ತಿರಲಿಲ್ಲ, ಅಷ್ಟೆ. ಸೇಡು ಎಲ್ಲಿಗೂ ಓಡಿಹೋಗುವುದಿಲ್ಲ.

ನವೆಂಬರ್ 30, ಬುಧವಾರ

ವರದಿಯಲ್ಲಿ ನಿನ್ನ ಹೆಸರು ಬರೆಯಬೇಕು ಎಂದು ಅಮ್ಮನಿಗೆ ಹೇಳಿದೆ.

"ಪೂರ್ತಿ ಹೆಸರಾ?"

"ಪೂರ್ತಿ."

"ಊರೆಲ್ಲ ನಗತ್ತೆ."

"ನಗತ್ತಮ್ಮ."

"ಬರಿ. ಆದ್ರೆ ಉಗಿದಳು ಅಂತ ಬರೀಬೇಡ. ದೃಷ್ಟಿ ತೆಗೆದಳು ಅಂತ ಬರಿ."

ಡಿಸೆಂಬರ್ 6, ಮಂಗಳವಾರ

ಇದನ್ನು ನಿಧಾನವಾಗಿ ಬರೆಯುತ್ತೇನೆ. ಮುಂದೆ ಓದಿ ಓದಿ ಸವಿಯಬೇಕು.

ವರದಿ ಕೇಳಿ ವಿಧಾನವನ್ನು ಒಪ್ಪಲು ಅಥೆನ್ಸಿನಿಂದ ಇಬ್ಬರು ಪರಿಶೀಲಕರು ಬಂದಿದ್ದರು. ಒಬ್ಬಳು ಬೆಳ್ಳಿ ಕೂದಲಿನ ಹೆಂಗಸು, ಇನ್ನೊಬ್ಬ ನಾವಿಟ್ಟ ತಿಂಡಿಯಲ್ಲಿ ಏನನ್ನೂ ತಿನ್ನದ ಗಂಡಸು. ಪೆಲೊಪಿದಾಸ್ ಹೊಸ ಟೈ ಕಟ್ಟಿದ್ದ. ನಾನು ಎದ್ದು ನಿಂತು ಓದಿದೆ. ವಿಧಾನ ಸರಿಯಿದೆ. ಇಂಥಲ್ಲಿ ನಂಬಿ, ಇಂಥಲ್ಲಿ ನಂಬಬೇಡಿ. ಅವನ ಮುಖ ಅರಳಿತು.

"ಖಾಲಿ ಕೊಳವೆಯ ಮಲಿನತೆ, ಒಂದು," ಎಂದು ಓದಿದೆ. "ಮೂಲ, ವಿಶ್ಲೇಷಕಿಯ ತಾಯಿ. ಉದ್ಘಾಟನೆಯ ದಿನ ತೆರೆದಿಟ್ಟಿದ್ದ ಕೊಳವೆಗಳ ಪೆಟ್ಟಿಗೆಯ ಮೇಲೆ ದೃಷ್ಟಿ ತೆಗೆದದ್ದು."

ಮೊದಲು ನಕ್ಕವನು ಪೆಲೊಪಿದಾಸ್. "ಅಮ್ಮನಾ! ನಿಮ್ಮಮ್ಮ ಉಗಿದ್ರಾ!" ಎಂದು ಮೇಜು ತಟ್ಟಿದ. ಬೆಳ್ಳಿ ಕೂದಲಿನವಳಿಗೂ ನಗು ತಡೆಯಲಾಗಲಿಲ್ಲ. ನನ್ನ ಕಿವಿ ಸುಟ್ಟುಹೋಗುತ್ತಿತ್ತು. ಎಲ್ಲರೂ ನಕ್ಕು ಮುಗಿಯಲಿ ಎಂದು ಕಾದೆ.

"ಮಲಿನತೆ, ಎರಡು. ಪಟ್ಟಿಗೆ ಹೊಸ ಮಾದರಿಗಳು ಸೇರಿದ ಮೇಲೆ ಹೋದ ವರ್ಷದ ಸುತ್ತಿಗೆ ಪ್ರಕರಣದ ಖಾಲಿ ಕೊಳವೆಯ ಮೂಲವೂ ತಿಳಿದಿದೆ. ಸಂಖ್ಯೆ ಒಂದು. ಪೆಲೊಪಿದಾಸ್ ಕರವೆಲಾಸ್, ನಿರ್ದೇಶಕರು. ಪೂರ್ಣ ಹೊಂದಾಣಿಕೆ."

ನಗುತ್ತಿದ್ದ ಬಾಯಿ ಹಾಗೆಯೇ ತೆರೆದಿತ್ತು. ಆ ಬಾಯಿಯನ್ನು ನಾನು ಮೊದಲೂ ನೋಡಿದ್ದೆ, ಹತ್ತಿ ಕಡ್ಡಿ ಹಿಡಿದು.

"ಇದು ಸೇಡು," ಎಂದ ಕೊನೆಗೆ. "ಸ್ವಾಮಿ, ಈಕೆ ನನ್ನ ಮೇಲೆ ಒಂದು ವರ್ಷದಿಂದ ಹಲ್ಲು ಮಸೀತಿದಾಳೆ. ಬೇಕಾದ್ರೆ ಯಾರನ್ನಾದ್ರೂ ಕೇಳಿ."

ಏನನ್ನೂ ತಿನ್ನದವನು ಪುಟ ಹಿಂದಕ್ಕೆ ತಿರುಗಿಸಿದ. "ಮೇಲ್ಗಡೆ ಹೆತ್ತ ತಾಯಿ ಹೆಸರು ಬರೆದಿದಾರಲ್ರೀ. ಅದಾದ್ಮೇಲೆ ನಿಮ್ಮದು ಬರೆದ್ರೆ ಸೇಡು ಅಂತ ನಾನು ಹೇಗೆ ಬರ್ಕೊಳ್ಲಿ? ಹೊಂದಿದೆಯೋ ಇಲ್ವೋ, ಅದನ್ನ ಹೇಳಿ."

ಅವನು ನೀರಿನ ಲೋಟಕ್ಕೆ ಕೈ ಹಾಕಿದ.

ಇಲ್ಲಿ ನನಗಾಗಿ ಮಾತ್ರ ಬರೆದುಕೊಳ್ಳುತ್ತೇನೆ: ಅದು ಸೇಡೇ. ಆದರೆ ಸುಳ್ಳಲ್ಲ.

ವಿಧಾನವನ್ನು ಒಪ್ಪಿದರು. ನನ್ನ ಷರತ್ತನ್ನೂ ಒಪ್ಪಿದರು: ಕೊಠಡಿಯೊಳಗೆ ಪ್ರವೇಶ ವಿಶ್ಲೇಷಕರಿಗೆ ಮಾತ್ರ, ಅಲ್ಲಿ ಮಾತಾಡುವಂತಿಲ್ಲ. ಹೋದ ವರ್ಷದ ಹೇಳಿಕೆಯನ್ನು ತಿದ್ದಿ ನ್ಯಾಯಾಲಯಕ್ಕೆ ಬರೆಯಬೇಕೆಂದು ಅವನಿಗೆ ಆದೇಶವಾಯಿತು. ವಿಧಾನ ಅವನದು, ಹೆಸರೂ ಅವನದೇ ಇರಲಿ. ಬಾಗಿಲಾಚೆ ನಿಂತು ಅನುಭವಿಸಲಿ.

ಡಿಸೆಂಬರ್ 14, ಬುಧವಾರ

ನ್ಯಾಯಾಲಯದ ಅಪ್ಪಣೆ ಬಂತು. ಉಳಿದ ಹತ್ತಿಯನ್ನು ಇವತ್ತು ತೆರೆಯಬೇಕಿತ್ತು. ಅದು ಒಂದೇ ಒಂದು, ತಪ್ಪಿದರೆ ಇನ್ನೊಂದಿಲ್ಲ. ಬಟ್ಟೆ ಬದಲಿಸಿ ಹೊರಟರೆ ಓಣಿಯಲ್ಲಿ ಅರ್ಗಿರೊ ನಿಂತಿದ್ದಳು. ಕೈಯಲ್ಲಿ ನ್ಯಾಯಾಲಯದ ಕಾಗದ, ಉಗುರುಗಳಲ್ಲಿ ಚೆಸ್ಟ್‌ನಟ್ ಕಪ್ಪು.

"ನಿನ್ನ ತಪ್ಪಲ್ವಂತೆ ಅದು," ಎಂದಳು. "ಕಾಗದದಲ್ಲಿ ಬರೆದಿದಾರೆ. ನಂಗೊತ್ತಿರ್ಲಿಲ್ಲ."

"ನಂಗೂ ಗೊತ್ತಿರ್ಲಿಲ್ಲ. ಅನುಮಾನ ಇತ್ತು, ಅಷ್ಟೆ."

"ಇವತ್ತು ನೀನೇ ನೋಡ್ತೀಯಾ?"

"ನಾನೇ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತುಟಿ ಮುಂದೆ ಮಾಡಿದಳು. ನಾನು ತಟ್ಟನೆ ಕೈ ಅಡ್ಡ ಹಿಡಿದೆ.

"ಇಲ್ಲಿ ಬೇಡಮ್ಮ. ಆಚೆ ಬಾ."

ಬೀದಿಗೆ ಹೋದೆವು. ಚಳಿ ಗಾಳಿ ಬೀಸುತ್ತಿತ್ತು. ಅರ್ಗಿರೊ ನನ್ನ ಕತ್ತುಪಟ್ಟಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡು ಮೂರು ಸಲ ಥೂ ಥೂ ಥೂ ಎಂದಳು, ಕಣ್ಣು ಬೀಳದಿರಲಿ ಎಂದು. ಬರೀ ಗಾಳಿಯಾಗಿರಲಿಲ್ಲ. ನಾನು ಒರೆಸಿಕೊಳ್ಳಲಿಲ್ಲ, ಅವಳು ತಿರುವಿನಲ್ಲಿ ಮರೆಯಾಗುವ ತನಕ.

ಒಳಗೆ ಬಂದು ಮೈ ತೊಳೆದು, ಮತ್ತೆ ಎಲ್ಲ ಬದಲಿಸಿ, ಮುಖಕ್ಕೆ ಬಟ್ಟೆ ಕಟ್ಟಿ ಕೂತೆ. ಗಾಜಿನಾಚೆ ಪೆಲೊಪಿದಾಸ್ ನಿಂತು ಏನೋ ಹೇಳುತ್ತಿದ್ದ. ಒಂದಕ್ಷರವೂ ಕೇಳಿಸಲಿಲ್ಲ.

ಡಿಸೆಂಬರ್ 16, ಶುಕ್ರವಾರ

ಖಾಲಿ ಕೊಳವೆ ಖಾಲಿಯಾಗಿಯೇ ಬಂತು. ಸುತ್ತಿಗೆಯ ಹಿಡಿ ಖಾಲಿ ಇರಲಿಲ್ಲ.

ಯಾರದು ಎಂದು ಅರ್ಗಿರೊಗೆ ನ್ಯಾಯಾಲಯದವರೇ ಹೇಳುತ್ತಾರೆ, ನಾನು ಹೇಳುವಂತಿಲ್ಲ. ನಾಳೆ ಸಂತೆ. ಅವಳ ಮುಂದೆ ನಿಂತು ಒಂದು ಕಿಲೋ ಚೆಸ್ಟ್‌ನಟ್ ಕೇಳುತ್ತೇನೆ.